ಪೀಚ್ ಹಣ್ಣಿನ ಡಬ್ಬಿ

ಗೆನೋವೆಫಾ ಮುದುಕಿಯ ಅಡುಗೆಮನೆಯಲ್ಲಿ ಆ ಚಳಿಗಾಲ ಎಷ್ಟು ಮೇಣ ಕರಗಿತೆಂದರೆ, ಅದನ್ನೆಲ್ಲ ಒಂದೇ ಕಡೆ ಸುರಿದಿದ್ದರೆ ಊರಿನ ಸಾನ್ ನದಿಗೆ ಅಡ್ಡಲಾಗಿ ಅಣೆಕಟ್ಟೇ ಎದ್ದು ನಿಲ್ಲುತ್ತಿತ್ತು. ಬಾಗಿಲ ಹಿಡಿಯಲ್ಲಿ ಮೇಣ, ಟೀ ಲೋಟದಲ್ಲಿ ಮೇಣ, ಬೆಕ್ಕಿನ ಮೀಸೆಯಲ್ಲೂ ಮೇಣ. ಸೊಸೆ ಬಡಿಸಿದ ಹುಳಿ ಸೌತೆಕಾಯಿಯ ಸಾರಿನ ಮೇಲೆ ತೇಲುವ ಬಿಳಿ ಚುಕ್ಕೆ ಕೆನೆಯೋ ಮೇಣವೋ ಎಂದು ತಿಳಿಯಬೇಕಾದರೆ ನಾಲಿಗೆಗೆ ಹಚ್ಚಿಯೇ ನೋಡಬೇಕಿತ್ತು.

ಮೇಣ ಬರುತ್ತಿದ್ದದ್ದು ಸ್ಮಶಾನದಿಂದ. ನವೆಂಬರ್ ಒಂದರಂದು, ಸತ್ತವರನ್ನು ನೆನೆಯುವ ಹಬ್ಬಕ್ಕೆ, ಪೋಲೆಂಡಿನ ಗಡಿಯೂರಾದ ಪ್ಶೆಮಿಶ್ಲ್‌ನಲ್ಲಿ ಊರಿಗೆ ಊರೇ ಹೋಗಿ ತಮ್ಮ ತಮ್ಮವರ ಸಮಾಧಿಗೆ ಗಾಜಿನ ದೀಪ ಹಚ್ಚುತ್ತದೆ. ಆರಿದ ಮೇಲೆ ತಳದಲ್ಲಿ ಉಳಿದದ್ದನ್ನು ಮೊದಲೆಲ್ಲ ಕಸಕ್ಕೆ ಎಸೆಯುತ್ತಿದ್ದರು. ಪಕ್ಕದ ಉಕ್ರೇನಿನೊಳಗೆ ರಷ್ಯಾದವರು ನುಗ್ಗಿದ ಮೇಲೆ ಎಸೆಯುವುದು ನಿಂತಿತು. ತಿಂದು ಖಾಲಿಯಾದ ತಗಡಿನ ಡಬ್ಬಿಯೊಳಗೆ ರಟ್ಟನ್ನು ಸುರುಳಿ ಸುತ್ತಿಟ್ಟು ಅದರ ಮೇಲೆ ಕರಗಿದ ಮೇಣ ಸುರಿದರೆ ಒಂದು ದೀಪ. ಹಿಮದ ಕಂದಕದಲ್ಲಿ ಕೂತ ಸೈನಿಕ ಅದರ ಮೇಲೆ ಟೀ ಕಾಯಿಸಿಕೊಳ್ಳಬಹುದು, ಒದ್ದೆ ಕಾಲುಚೀಲ ಒಣಗಿಸಿಕೊಳ್ಳಬಹುದು.

ಮೊದಲನೇ ಚಳಿಗಾಲದಲ್ಲಿ ಬೀದಿಯ ಎಲ್ಲ ಮನೆಗಳಲ್ಲೂ ಮೇಣ ಕರಗುತ್ತಿತ್ತು. ಎರಡನೆಯದಕ್ಕೆ ಮೂರು ಮನೆ ಉಳಿದವು. ಇದು ಮೂರನೆಯದು, ಈಗ ಗೆನೋವೆಫಾ ಒಬ್ಬಳೇ.

"ಪಾನಿ ಗೇನ್ಯಾ, ಇನ್ನೂ ಮುಚ್ಚಿಲ್ವೇ ನಿಮ್ಮ ಕಾರ್ಖಾನೆ?" ಎಂದು ಪಕ್ಕದ ಮನೆಯ ಝೆನೋಬ್ಯಾ ಬೇಲಿಯ ಆಚೆಯ ತನ್ನ ಕಿಟಕಿಯಿಂದ ಕೇಳಿದಳು. ಪಾನಿ ಎಂದರೆ ಅಲ್ಲಿ ಅಮ್ಮಾವ್ರೇ ಅಂದ ಹಾಗೆ, ಗೇನ್ಯಾ ಎಂಬುದು ಗೆನೋವೆಫಾಳ ಮೊಟಕು ಹೆಸರು. "ನಾವು ಕಣ್ಣಿನ ಡಾಕ್ಟರಿಗೆ ಐದು ತಿಂಗಳು ಕಾಯ್ತೀವಿ. ಎಲ್ಲಾ ಆ ಉಕ್ರೇನಿನೋರಿಗೇ ಕೊಟ್ಟಿದ್ದಾಯ್ತು. ಎಷ್ಟು ದಿನ ಅಂತ?"

"ಯುದ್ಧ ಮುಗೀತಾ ಪಾನಿ ಝೆನೋಬ್ಯಾ?"

"ಎಲ್ಲಿ ಮುಗೀತು."

"ಹಾಗಾದ್ರೆ ಮೇಣಾನೂ ಮುಗಿದಿಲ್ಲ. ನಿಮ್ಮ ಯಜಮಾನ್ರ ಸಮಾಧಿ ದೀಪ ಆರಿ ಹತ್ತು ದಿನ ಆಯ್ತು, ನಾನೇ ಎತ್ಕೊಂಡು ಬಂದೆ. ಇದ್ದಾಗ ಯಾರಿಗೂ ಕೈಯೆತ್ತಿ ಕೊಟ್ಟೋರಲ್ಲ ಪಾಪ, ಈಗ್ಲಾದ್ರೂ ಕೊಡ್ಲಿ."

ಝೆನೋಬ್ಯಾ ಕಿಟಕಿ ಮುಚ್ಚಿದ ಸದ್ದು ಗಡಿಯಾಚೆಗೂ ಕೇಳಿಸಿರಬೇಕು. ಗಡಿಯೇನು ದೂರವಿರಲಿಲ್ಲ, ಹದಿನಾಲ್ಕು ಕಿಲೋಮೀಟರು.

ಮನೆಯಲ್ಲಿ ಐದು ಜನ. ಗೆನೋವೆಫಾ, ಎಪ್ಪತ್ತೊಂಬತ್ತು ವರ್ಷ, ನಾಲಿಗೆಗೆ ಮಾತ್ರ ಹತ್ತೊಂಬತ್ತು. ಮಗ ವೀತೆಕ್, ಮನೆಗಳಿಗೆ ಬಾಯ್ಲರ್ ಕೂರಿಸುವ ಕೆಲಸದವನು. ಸೊಸೆ ಲುತ್ಸಿನಾ, ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಊದಿಸಿಕೊಂಡು ಬರುವವಳು. ಮೊಮ್ಮಗಳು ಕಿಂಗಾ, ಇಪ್ಪತ್ತೊಂದು ವರ್ಷ, ಆಂಬುಲೆನ್ಸಿನಲ್ಲಿ ಹೋಗಿ ಜೀವ ಉಳಿಸುವ ವಿದ್ಯೆ ಓದುತ್ತಿದ್ದವಳು. ಮಹಡಿಯ ಕೋಣೆಯಲ್ಲಿ ಉಕ್ರೇನಿನ ಖಾರ್ಕಿವ್ ಕಡೆಯ ಹಲಿನಾ. ಯುದ್ಧ ಶುರುವಾದ ವಾರ ರೈಲ್ವೆ ಸ್ಟೇಷನ್ನಿನಿಂದ ವೀತೆಕ್ ಅವಳನ್ನು ಒಂದು ರಾತ್ರಿಯ ಮಟ್ಟಿಗೆಂದು ಕರೆತಂದಿದ್ದ. ಆ ಒಂದು ರಾತ್ರಿ ಇನ್ನೂ ಬೆಳಗಾಗಿರಲಿಲ್ಲ. ಬೇಕರಿಯಲ್ಲಿ ಕೆಲಸ ಹಿಡಿದು, ಬೇಡವೆಂದರೂ ಬಾಡಿಗೆ ಕೊಟ್ಟು, ದಿನಾ ಸಂಜೆ ಮಿಕ್ಕಿದ ಬ್ರೆಡ್ಡು ತರುತ್ತಿದ್ದಳು. ಅವಳ ತಮ್ಮ ಓಸ್ತಾಪ್ ಅಲ್ಲಿ ಕಂದಕದಲ್ಲಿದ್ದ.

ತಿಂಗಳಿಗೊಮ್ಮೆ ವೀತೆಕ್ ತನ್ನ ವ್ಯಾನಿಗೆ ಡಬ್ಬಿ ದೀಪ, ಜನರೇಟರು, ಬ್ಯಾಂಡೇಜು ತುಂಬಿಕೊಂಡು ಸಾವಿರ ಕಿಲೋಮೀಟರು ಓಡಿಸಿ ಅಲ್ಲಿಗೆ ಮುಟ್ಟಿಸಿ ಬರುತ್ತಿದ್ದ. ಹೋಗುವಾಗ ಗೆನೋವೆಫಾ ಬಾಗಿಲಲ್ಲಿ ನಿಂತು ರಾಜಕುಮಾರನನ್ನು ದಂಡಿಗೆ ಕಳಿಸುವ ಮಹಾರಾಣಿಯ ಹಾಗೆ ಕೈಬೀಸುತ್ತಿದ್ದಳು. ಲುತ್ಸಿನಾ ಬಾಗಿಲಿಗೆ ಬರುತ್ತಿರಲಿಲ್ಲ.

ಆ ಸಂಜೆಯ ಊಟದಲ್ಲೂ ಮಾತು ಮೇಣದಿಂದಲೇ ಶುರುವಾಯಿತು.

"ಅತ್ತೆ, ಈ ಪಾತ್ರೇಲಿ ನಾನು ಪ್ಲಮ್ ಜಾಮ್ ಮಾಡ್ತಿದ್ದೆ," ಎಂದಳು ಲುತ್ಸಿನಾ.

"ಇನ್ಮೇಲೂ ಮಾಡಮ್ಮ. ತಿಂದು ಬಾಯಿಗೆ ಬತ್ತಿ ಇಟ್ಕೊಂಡ್ರೆ ಕರೆಂಟಿನ ಬಿಲ್ಲೂ ಉಳಿಯುತ್ತೆ."

ಕಿಂಗಾ ನಕ್ಕು ಸಾರು ಮೂಗಿಗೆ ಹತ್ತಿಸಿಕೊಂಡಳು. ವೀತೆಕ್ ಬ್ರೆಡ್ಡು ಮುರಿಯುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದ: "ಆರನೇ ತಾರೀಖು ಹೊರಡ್ತೀವಿ. ಮೂರು ವ್ಯಾನು."

ಲುತ್ಸಿನಾ ಸೌಟು ಕೆಳಗಿಟ್ಟಳು. "ಹೋದ ಸಲ ಇದೇ ಕೊನೆ ಅಂದಿದ್ದೆ."

"ಅದು ಹೋದ ಸಲ."

"ಅದರ ಹಿಂದಿನ ಸಲಾನೂ ಅಂದಿದ್ದೆ. ಮೂರು ವರ್ಷದಿಂದ ಕೊನೇ ಸಲಾನೇ ಹೋಗ್ತಿದೀಯ ನೀನು. ಮೂರು ಮನೆ ಬಾಯ್ಲರ್ ಕೆಟ್ಟು ಕೂತಿದೆ, ಜನ ನನ್ನ ಅಂಗಡಿಗೇ ಬಂದು ಬೈತಾರೆ. ನಾವು ಮಾಡಿದ್ದು ಸಾಲ್ದಾ? ಬೇರೆ ಯಾರೂ ಇಲ್ವಾ ಈ ದೇಶದಲ್ಲಿ?"

"ಇದ್ದೋರೆಲ್ಲ ಹಾಗೇ ಅಂತಾರೆ ಲುತ್ಸಿನಾ. ಬೇರೆ ಯಾರೂ ಇಲ್ವಾ ಅಂತ."

ಗೆನೋವೆಫಾ ನಡುವೆ ಬಾಯಿ ಹಾಕಿದಳು. "ಹೋಗ್ಲಿ ಬಿಡೆ. ಅಲ್ಲಿ ಅವ್ರು ನಿಂತಿರೋದಕ್ಕೆ ತಾನೆ ನೀನು ಇಲ್ಲಿ ಕಾಲು ನೀವ್ಕೊಂಡು ಸಾರು ಕುಡೀತಿರೋದು?"

"ಹೌದು ಅತ್ತೆ. ನಿಮಗೇನು, ಬಾಗಿಲಲ್ಲಿ ನಿಂತು ಕೈ ಬೀಸೋದು."

ಬ್ರೆಡ್ಡು ಹಿಡಿದು ಮೆಟ್ಟಿಲ ತುದಿಯವರೆಗೆ ಇಳಿದಿದ್ದ ಹಲಿನಾ ಸದ್ದಿಲ್ಲದೆ ಮತ್ತೆ ಮೇಲೆ ಹತ್ತಿದಳು.

ಸೋಮವಾರ ಬಟ್ಟೆ ಒಗೆಯುವ ದಿನ. ವೀತೆಕ್‌ನ ದಪ್ಪ ಜಾಕೀಟನ್ನು ಮೆಷಿನ್ನಿಗೆ ಹಾಕುವ ಮುಂಚೆ ಗೆನೋವೆಫಾ ಜೇಬು ತಡಕಿದಳು. ಬೆರಳಿಗೆ ಏನೋ ಚುಚ್ಚಿತು. ಒಳಗಿನ ಜೇಬಿನಲ್ಲಿ ಗಾಜಿನ ಸಣ್ಣ ಸಣ್ಣ ಹರಳು, ಒಂದು ಹಿಡಿಯಷ್ಟು. ಕಾರಿನ ಗಾಜು ಒಡೆದರೆ ಆಗುತ್ತವಲ್ಲ, ಅಂಥವು.

ಗ್ಯಾರೇಜಿಗೆ ಹೋಗಿ ಅಂಗೈ ಬಿಚ್ಚಿ ತೋರಿಸಿದಳು.

"ಕಲ್ಲು ಹೊಡೀತಮ್ಮ ಮುಂದಿನ ಗಾಜಿಗೆ. ಲ್ವಿವ್‌ನಲ್ಲಿ ಹೊಸದು ಹಾಕಿಸ್ದೆ."

"ಎಲ್ಲಿಂದ ಬಂತು ಕಲ್ಲು?"

ವೀತೆಕ್ ವ್ಯಾನಿನ ಬಾಗಿಲಿಗೆ ಎಣ್ಣೆ ಬಿಡುತ್ತಿದ್ದವನು ಬಿಡುತ್ತಲೇ ಇದ್ದ.

"ಕೇಳ್ತಿರೋದು ನಿನ್ನನ್ನೇ. ಎಡದಿಂದಲೋ ಬಲದಿಂದಲೋ?"

"ಮೇಲಿಂದ," ಎಂದ. ಆಮೇಲೆ ಎಣ್ಣೆ ಡಬ್ಬಿ ಕೆಳಗಿಟ್ಟು, "ಲುತ್ಸಿನಾಗೆ ಹೇಳ್ಬೇಡಮ್ಮ," ಎಂದ.

ಆ ದಿನ ಗೆನೋವೆಫಾ ತಟ್ಟೆಯಲ್ಲಿ ಆಲೂಗಡ್ಡೆ ಬಿಟ್ಟಳು. ಗಂಡ ಸತ್ತ ದಿನವೂ ಬಿಟ್ಟವಳಲ್ಲ.

ಬುಧವಾರ ಎಲ್ಲರೂ ಹೊರಗೆ ಹೋದ ಮೇಲೆ ಮೇಜಿನ ಖಾನೆ ಎಳೆದಳು. ಗ್ಯಾಸ್ ಬಿಲ್ಲುಗಳ ಕೆಳಗೆ ವೀತೆಕ್‌ನ ಪಾಸ್‌ಪೋರ್ಟು. ಫೋಟೋದಲ್ಲಿ ಅವನು ಹಾಲು ಬಿಡಿಸಿದ ಕರುವಿನ ಹಾಗೆ ನೋಡುತ್ತಿದ್ದ. ಸುತ್ತಲಿನ ಬೇರೆ ದೇಶಗಳಿಗೆ ಗುರುತಿನ ಚೀಟಿಯೇ ಸಾಕಿತ್ತು, ಉಕ್ರೇನಿಗೆ ಮಾತ್ರ ಪಾಸ್‌ಪೋರ್ಟು ಬೇಕಿತ್ತು. ಅದನ್ನು ಏಪ್ರನ್ನಿನೊಳಗೆ ಸೇರಿಸಿಕೊಂಡು ಮನೆಯೆಲ್ಲ ಸುತ್ತಿದಳು. ಹಿಟ್ಟಿನ ಡಬ್ಬದಲ್ಲಿಟ್ಟರೆ ಲುತ್ಸಿನಾ ಕೈ ಹಾಕುತ್ತಾಳೆ. ಹಾಸಿಗೆಯ ಕೆಳಗಿಟ್ಟರೆ ಶನಿವಾರ ಅದನ್ನು ಮಗುಚಿ ಹಾಕುತ್ತಾಳೆ. ಮಾತೆ ಮರಿಯಳ ಪಟದ ಹಿಂದೆ ಸತ್ತ ಗಂಡ ನಲವತ್ತು ವರ್ಷ ವೋಡ್ಕಾ ಬಚ್ಚಿಟ್ಟಿದ್ದ, ಅದು ಬೀದಿಗೆಲ್ಲ ಗೊತ್ತಿದ್ದ ಜಾಗ.

ಕೊನೆಗೆ ಕಣ್ಣಿಗೆ ಬಿದ್ದದ್ದು ಪೀಚ್ ಹಣ್ಣಿನ ದೊಡ್ಡ ಡಬ್ಬಿ. ಕಿಂಗಾ ಹುಟ್ಟುಹಬ್ಬಕ್ಕೆ ತಿಂದು ಮುಗಿಸಿದ್ದು. ಪಾಸ್‌ಪೋರ್ಟನ್ನು ಒಳಗೋಡೆಗೆ ಬಾಗಿಸಿ ಕೂರಿಸಿ, ಮುಂದೆ ರಟ್ಟಿನ ಸುರುಳಿ ತುರುಕಿ, ಉಗ್ರಾಣದ ಮೇಲಿನ ಹಲಗೆಯಲ್ಲಿ ಉಪ್ಪಿನ ಸೌತೆಕಾಯಿ ಜಾಡಿಗಳ ಹಿಂದೆ ಇಟ್ಟಳು. ಇಡೀ ಪೋಲೆಂಡಿನ ಪೋಲೀಸರು ನಾಯಿ ಸಮೇತ ಬಂದರೂ ಸಿಗದು ಎಂದುಕೊಂಡಳು. ವ್ಯಾನು ಹೋಗಲಿ, ಹೋಗಲೇಬೇಕು. ಬೇರೆ ಯಾರಾದರೂ ಓಡಿಸಲಿ. ಆ ಬೇರೆ ಯಾರಿಗೋ ಅವಳ ತಲೆಯಲ್ಲಿ ಮುಖವಿರಲಿಲ್ಲ.

ನವೆಂಬರ್ ಕೊನೆಯ ವಾರ ಹುಡುಕಾಟ ಶುರುವಾಯಿತು. ವೀತೆಕ್ ಖಾನೆಗಳನ್ನೆಲ್ಲ ನೆಲಕ್ಕೆ ಸುರಿದ. ವ್ಯಾನಿನ ಸೀಟು ಬಿಚ್ಚಿದ. ಗೆನೋವೆಫಾಳಷ್ಟು ಶ್ರದ್ಧೆಯಿಂದ ಯಾರೂ ಹುಡುಕಲಿಲ್ಲ. ಒಲೆಯ ಹಿಂದೆ ನೋಡಿದಳು, ಬೆಕ್ಕಿನ ಬುಟ್ಟಿ ಕೊಡವಿದಳು, ಮಗನ ಬೂಟಿನೊಳಗೂ ಕೈ ಹಾಕಿದಳು.

"ಅಜ್ಜಿ, ಸಂತ ಅಂತೋನಿಗೆ ಬೇಡ್ಕೊಳ್ಳಿ," ಎಂದಳು ಕಿಂಗಾ. "ನನ್ನ ಕಿವಿಯೋಲೆ ಕಳೆದಾಗ ನೀವು ಬೇಡ್ಕೊಂಡ ಅರ್ಧ ಗಂಟೇಲಿ ಸಿಕ್ತಲ್ಲ."

ಕಳೆದದ್ದನ್ನು ಹುಡುಕಿಕೊಡುವ ಸಂತ ಅವನು. ಈ ಮನೆಯಲ್ಲಿ ಅವನಿಗೆ ಒಂದು ದಿನದ ರಜೆಯೂ ಸಿಕ್ಕಿದ್ದಿಲ್ಲ. ಎಲ್ಲರೂ ನೋಡುತ್ತಿದ್ದರು. ಗೆನೋವೆಫಾ ಮಂಡಿಯೂರಿದಳು, ಕೈಮುಗಿದಳು, ಗಟ್ಟಿಯಾಗಿ ಪ್ರಾರ್ಥನೆ ಹೇಳಿದಳು. ಮನಸ್ಸಿನಲ್ಲಿ ಮಾತ್ರ, "ಅಂತೋನಿ, ಈ ಒಂದ್ಸಲ ಕಣ್ಮುಚ್ಕೊಂಡಿರು ಮಾರಾಯ. ಆರನೇ ತಾರೀಖು ಕಳೀಲಿ, ದೊಡ್ಡ ಮೇಣದಬತ್ತಿ ಹಚ್ತೀನಿ. ಸ್ಮಶಾನದ್ದಲ್ಲ, ಅಂಗಡಿಯಿಂದ ತಂದಿದ್ದು," ಎಂದಳು.

ಸಂತ ಅವಳ ಮಾತು ನಡೆಸಿಕೊಟ್ಟ. ಪಾಸ್‌ಪೋರ್ಟು ಸಿಗಲಿಲ್ಲ.

ಭಾನುವಾರದ ಊಟಕ್ಕೆ ಲುತ್ಸಿನಾ ಎಷ್ಟೋ ತಿಂಗಳ ಮೇಲೆ ಆಲೂಗಡ್ಡೆ ತುಂಬಿದ ಪಿಯೆರೋಗಿ ಕಡುಬು ಮಾಡಿದಳು. ಈರುಳ್ಳಿ ಹುರಿಯುವಾಗ ಏನೋ ಗುನುಗುತ್ತಲೂ ಇದ್ದಳು.

"ಹೊಸ ಪಾಸ್‌ಪೋರ್ಟಿಗೆ ಒಂದು ತಿಂಗಳಂತೆ," ಎಂದ ವೀತೆಕ್. "ತುರ್ತಾಗಿ ಕೊಡೋದು ಕಾಯಿಲೆ, ಸಾವು ಅಂತ ಇದ್ದೋರಿಗೆ ಮಾತ್ರ."

"ಹಾಗಾದ್ರೆ ಜನವರೀಲಿ ನೋಡೋಣ," ಎಂದು ಲುತ್ಸಿನಾ ಅವನ ತಟ್ಟೆಗೆ ಇನ್ನೂ ಆರು ಕಡುಬು ಸುರಿದಳು. ಗೆನೋವೆಫಾ ಕಡುಬಿನ ಮೇಲೆ ಬೆಣ್ಣೆ ಹಾಕಿಕೊಳ್ಳುತ್ತಾ, ತಾನು ಮಾಡಿದ್ದು ಎಂಥ ಪುಣ್ಯದ ಕೆಲಸ ಎಂದು ಬೀಗುತ್ತಿದ್ದಳು.

"ನಾನು ಹೋಗ್ತೀನಿ," ಎಂದಳು ಕಿಂಗಾ.

"ಎಲ್ಲಿಗೆ?"

"ವ್ಯಾನು ತಗೊಂಡು. ನಂಗೆ ಪಾಸ್‌ಪೋರ್ಟಿದೆ, ಲೈಸೆನ್ಸಿದೆ. ಬಾಕಿ ಎರಡು ವ್ಯಾನಿನೋರಿಗೆ ನಿನ್ನೇನೇ ಹೇಳಿದೀನಿ."

ಈರುಳ್ಳಿಯ ಬಾಣಲೆ ಸಿಂಕಿಗೆ ಬಿದ್ದ ಸದ್ದಿಗೆ ಬೆಕ್ಕು ಎರಡು ದಿನ ಮನೆಗೆ ಬರಲಿಲ್ಲ.

"ಬಾಯ್ಮುಚ್ಕೊಂಡು ತಿನ್ನು!" ಲುತ್ಸಿನಾಳ ದನಿ ಕೀರಲಾಯಿತು. "ವೀತೆಕ್, ಹೇಳು ಅವಳಿಗೆ!"

ವೀತೆಕ್ ಏನೆಂದು ಹೇಳುತ್ತಾನೆ? ಮೂರು ವರ್ಷ ತಾನು ಹೇಳಿದ್ದನ್ನೇ ಮಗಳು ಹೇಳುತ್ತಿದ್ದಳು. "ಕಿಂಗಾ, ರಸ್ತೆ ಚೆನ್ನಾಗಿಲ್ಲ," ಎಂದ.

"ನೀವು ಹೋಗುವಾಗ ಚೆನ್ನಾಗಿತ್ತಾ ಅಪ್ಪ?"

ಹಲಿನಾ ಕುರ್ಚಿಯಿಂದ ಎದ್ದಳು. "ನನ್ನ ತಮ್ಮನಿಗೋಸ್ಕರ ನಿಮ್ಮ ಮಗಳು ಬೇಡ ಪಾನಿ ಲುತ್ಸಿನಾ. ನಾನೇ ಹೇಳ್ತಿದೀನಿ, ಬೇಡ."

"ನಿಮ್ಮ ತಮ್ಮ ಒಬ್ಬರಿಗೇ ಅಲ್ಲ ಹಲಿನಾ ಅಕ್ಕ," ಎಂದು ಕಿಂಗಾ ಕಡುಬು ಬಾಯಿಗಿಟ್ಟುಕೊಂಡಳು. ತಿನ್ನುವಾಗಲೂ ಹಟ ಮಾಡುವ ಹುಡುಗಿ. ಹಟದಲ್ಲಿ ಥೇಟ್ ಅಜ್ಜಿ.

ಗೆನೋವೆಫಾ ಕೈಯಲ್ಲಿದ್ದ ಕಡುಬನ್ನು ತಟ್ಟೆಗಿಟ್ಟು ಮೊಮ್ಮಗಳ ಕಡೆ ತಿರುಗಿದಳು. ಬೇರೆ ಯಾರೋ ಎಂಬುವರಿಗೆ ಈಗ ಮುಖ ಬಂದಿತ್ತು. ಮೂಗಿನ ಮೇಲೆ ನಸುಮಚ್ಚೆಗಳಿದ್ದ ಮುಖ.

ಪಾತ್ರೆ ತೊಳೆಯುವ ಗದ್ದಲದ ನಡುವೆ ಉಗ್ರಾಣಕ್ಕೆ ನುಗ್ಗಿದಳು. ಪಾಸ್‌ಪೋರ್ಟು ತಂದು ಮೇಜಿನ ಮೇಲೆ ಎಸೆದರಾಯಿತು, ಅಂತೋನಿ ಹುಡುಕಿಕೊಟ್ಟ ಎಂದರಾಯಿತು. ಸ್ಟೂಲು ಹತ್ತಿ ಜಾಡಿಗಳನ್ನು ಸರಿಸಿದಳು. ಡಬ್ಬಿ ಇರಲಿಲ್ಲ. ಧೂಳಿನಲ್ಲಿ ದುಂಡನೆಯ ಗುರುತೊಂದೇ ಇತ್ತು.

"ಕಿಂಗಾ! ಇಲ್ಲಿದ್ದ ಡಬ್ಬಿ ಎಲ್ಲೆ?"

"ಯಾವ್ದು? ರಟ್ಟು ಸುತ್ತಿ ಇಟ್ಟಿದ್ರಲ್ಲ, ಅದಾ?" ಕಿಂಗಾ ತಟ್ಟೆ ಒರೆಸುತ್ತಾ ಇಣುಕಿದಳು. "ಗುರುವಾರ ಕೊನೇ ಪೆಟ್ಟಿಗೆಗೆ ಒಂದು ಕಮ್ಮಿ ಬಿತ್ತು ಅಜ್ಜಿ. ಅದಕ್ಕೂ ಮೇಣ ಸುರಿದು ತುಂಬಿಬಿಟ್ಟೆ. ನಿಮಗೆ ವಯಸ್ಸಾಯ್ತು, ಒಂದನ್ನ ಮರೆತುಬಿಟ್ಟಿದೀರ."

ಖಾಲಿ ಡಬ್ಬಿಗೆ ಒಂದು ಗಂಟೆಯೂ ಪುರುಸೊತ್ತು ಕೊಡದ ಮನೆ ಅದು. ಆ ಕಟ್ಟಳೆ ಮಾಡಿದವಳೂ ಗೆನೋವೆಫಾಳೇ. ಅಂಥ ಮನೆಯಲ್ಲಿ ಖಾಲಿ ಡಬ್ಬಿಯೊಳಗೆ ಪಾಸ್‌ಪೋರ್ಟು ಬಚ್ಚಿಡುವ ಬುದ್ಧಿ ಭೂಲೋಕದಲ್ಲಿ ಇನ್ಯಾರಿಗೂ ಬರಲಿಕ್ಕಿಲ್ಲ.

ಮರುದಿನ ಮಧ್ಯಾಹ್ನ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಉದ್ದನೆಯ ಹೆಣಿಗೆ ಕಡ್ಡಿಯೊಂದನ್ನು ಹಿಡಿದು ಗ್ಯಾರೇಜಿಗೆ ನಡೆದಳು. ವ್ಯಾನಿನಲ್ಲಿ ನಲವತ್ತು ಪೆಟ್ಟಿಗೆ, ಪೆಟ್ಟಿಗೆಗೆ ಹನ್ನೆರಡು ಡಬ್ಬಿ, ಕೊನೆಯ ಪೆಟ್ಟಿಗೆ ಯಾವುದೆಂಬ ಗುರುತೂ ಇಲ್ಲ. ಕಾಗದದ ಚೀಟಿಗಳನ್ನೆಲ್ಲ ಮೊದಲೇ ಕಿತ್ತಿದ್ದರಿಂದ ಪೀಚಿನದು ಯಾವುದು, ಬಟಾಣಿಯದು ಯಾವುದು ತಿಳಿಯುವಂತಿರಲಿಲ್ಲ. ಗಟ್ಟಿ ಮೇಣಕ್ಕೆ ಕಡ್ಡಿ ಚುಚ್ಚುತ್ತಾ ಹೋದಳು. ಮೂರನೇ ಪೆಟ್ಟಿಗೆಗೆ ಕಡ್ಡಿ ಮುರಿಯಿತು.

"ಪಾನಿ ಗೇನ್ಯಾ, ಏನ್ ಮಾಡ್ತಿದೀರಾ?"

ಬಾಗಿಲಲ್ಲಿ ಹಲಿನಾ. ಬೇಕರಿಯ ಪಾಳಿ ಬೇಗ ಮುಗಿದಿತ್ತು. ಅವಳ ಪೋಲಿಶ್ ಮಾತು ಈಗ ಈ ಬೀದಿಯವರದಷ್ಟೇ ಸಲೀಸಾಗಿತ್ತು. ಗೆನೋವೆಫಾ ಸುಳ್ಳು ಹೇಳಲು ಬಾಯಿ ತೆರೆದಳು. ಎಪ್ಪತ್ತೊಂಬತ್ತು ವರ್ಷದಲ್ಲಿ ಮೊದಲನೇ ಸಲ ಒಂದೂ ಹೊಳೆಯಲಿಲ್ಲ. ಇದ್ದದ್ದೆಲ್ಲ ಹೇಳಿಬಿಟ್ಟಳು.

ಹಲಿನಾ ಪಕ್ಕದ ಪೆಟ್ಟಿಗೆಯ ಮೇಲೆ ಕೂತಳು. "ಓಸ್ತಾಪ್ ಸೈನ್ಯಕ್ಕೆ ಹೊರಟ ದಿನ ನಮ್ಮಮ್ಮ ಅವನ ಬೂಟನ್ನ ಬಾವಿಗೆ ಹಾಕಿದ್ಲು."

"ಆಮೇಲೆ?"

"ಪಕ್ಕದ್ಮನೆಯೋರ ಬೂಟು ಹಾಕ್ಕೊಂಡು ಹೋದ. ಒಂದು ಸೈಜು ಚಿಕ್ಕದು. ಇವತ್ತಿಗೂ ಬೆರಳು ನೋವು ಅಂತ ಅಮ್ಮನ್ನ ಬೈತಾನೆ." ಮುರಿದ ಕಡ್ಡಿಯನ್ನು ಮುದುಕಿಯ ಕೈಯಿಂದ ತೆಗೆದುಕೊಂಡಳು. "ಸಂಜೆ ಊಟಕ್ಕೆ ಹೇಳ್ಬಿಡಿ. ನೀವು ಹೇಳ್ದಿದ್ರೆ ನಾನು ಹೇಳ್ತೀನಿ."

ಗೆನೋವೆಫಾಳೇ ಹೇಳಿದಳು. ಆಲೂಗಡ್ಡೆ ಆರಿತು, ಎಲೆಕೋಸು ಆರಿತು, ಯಾರೂ ಚಮಚ ಎತ್ತಲಿಲ್ಲ. ಯಾಕೆ ಬಚ್ಚಿಟ್ಟೆ ಎಂದು ಮಗ ಕೇಳಿದ. ಅದಕ್ಕೆ ಉತ್ತರ ಹೇಳಬೇಕಾದರೆ ಗಾಜಿನ ಚೂರಿನ ಮಾತೂ ಹೊರಗೆ ಬರಲೇಬೇಕಿತ್ತು.

ಅದೂ ಹೊರಬಿದ್ದ ಮೇಲೆ ವೀತೆಕ್ ಮೊದಲು ಬಾಯಿಬಿಟ್ಟ. "ಡಬ್ಬಿ ಸಿಕ್ಕಿದ್ರೂ ಉಪಯೋಗ ಇಲ್ಲ. ಕುದಿಯೋ ಮೇಣದಲ್ಲಿ ಮುಳುಗಿದ್ದನ್ನ ಗಡೀಲಿ ಯಾರು ಒಪ್ತಾರೆ."

"ಯಾವ ಗಾಜು?" ಎಂದಳು ಲುತ್ಸಿನಾ.

"ವ್ಯಾನಿಂದು. ಹೋದ ಸಲ ಪಕ್ಕದಲ್ಲೇ ಡ್ರೋನು ಬಿದ್ದು ಒಡೀತು," ಎಂದ ವೀತೆಕ್.

"ತಲೆ ಮೇಲೆ ಬಾಂಬು ಹೊತ್ಕೊಂಡು ಡ್ರೋನು ಹಾರ್ತಾ ಇದೆ, ಮನೇಲಿ ತಾಯಿಗೆ ಗೊತ್ತು, ಮಗನಿಗೆ ಗೊತ್ತು. ನಾನ್ಯಾರು? ಸಾರು ಕಾಯ್ಸೋಳು!" ಅವಳು ಅತ್ತೆಯ ಕಡೆ ತಿರುಗಿದಳು. "ಗಾಜು ಸಿಕ್ಕಿದ ದಿನ ನಂಗೆ ಬಂದು ಹೇಳಿದ್ರೆ ನಾನೇ ವ್ಯಾನಿನ ಮುಂದೆ ಮಲ್ಗಿ ಇವನನ್ನ ನಿಲ್ಲಿಸ್ತಿದ್ದೆ. ನೀವು ಹೊರಗೆ ವೀರಮಾತೆ, ಒಳಗೆ ಕಳ್ಳಿ. ಈಗ ನೋಡಿ ಏನಾಯ್ತು ಅಂತ. ಮಗನ್ನ ಡಬ್ಬೀಲಿ ಹಾಕಿ ಯುದ್ಧಕ್ಕೆ ಕಳ್ಸಿದ್ರಿ. ಆ ಡಬ್ಬಿ ಹೊತ್ಕೊಂಡು ಹೋಗೋಕೆ ನನ್ನ ಮಗಳು!"

ಗೆನೋವೆಫಾಳ ನಾಲಿಗೆಗೆ ಆ ದಿನ ನೂರು ವರ್ಷ ಆಗಿತ್ತು.

"ಅಮ್ಮ," ಎಂದಳು ಕಿಂಗಾ, ಮೆತ್ತಗೆ. "ಅಜ್ಜಿ ಬಚ್ಚಿಟ್ಟಿದ್ದಕ್ಕೆ ನಾನು ಹೋಗ್ತಿಲ್ಲ. ವ್ಯಾನು ತುಂಬಿದೆ, ಅದಕ್ಕೆ ಹೋಗ್ತಿದೀನಿ."

"ಅವಳ ಪಕ್ಕದಲ್ಲಿ ನಾನು ಕೂರ್ತೀನಿ," ಎಂದಳು ಹಲಿನಾ. "ರಸ್ತೆ ನಂಗೆ ಗೊತ್ತು."

ಆರನೇ ತಾರೀಖು ಬೆಳಿಗ್ಗೆ ವ್ಯಾನು ಹೊರಟಿತು. ಈ ಸಲ ಬಾಗಿಲಲ್ಲಿ ನಿಂತಿದ್ದು ಲುತ್ಸಿನಾ. ಗೆನೋವೆಫಾ ಉಗ್ರಾಣದ ಕಿಟಕಿಯ ಹಿಂದೆ ನಿಂತಿದ್ದಳು, ಕೈ ಬೀಸಲಿಲ್ಲ.

ಆಮೇಲಿನ ದಿನಗಳಲ್ಲಿ ಲುತ್ಸಿನಾ ಅತ್ತೆಯೊಂದಿಗೆ ಒಂದು ಮಾತೂ ಆಡಲಿಲ್ಲ. ತಟ್ಟೆ ಇಡುತ್ತಿದ್ದಳು, ತಟ್ಟೆ ತೆಗೆಯುತ್ತಿದ್ದಳು. ಬಾರ್ಲಿ ಗಂಜಿಗೆ ಉಪ್ಪಿರಲಿಲ್ಲ, ಗೆನೋವೆಫಾ ಉಪ್ಪು ಕೇಳಲೂ ಇಲ್ಲ. ಒಂದೇ ಒಂದು ಕರುಣೆಯಿತ್ತು. ಊಟಕ್ಕೆ ಕೂತಾಗ ಲುತ್ಸಿನಾ ತನ್ನ ಫೋನನ್ನು ಮೇಜಿನ ನಟ್ಟನಡುವೆ ಇಡುತ್ತಿದ್ದಳು. ಅತ್ತೆಗೂ ಕಾಣುವ ಹಾಗೆ.

ಕಿಂಗಾ ಊರಿನ ಹೆಸರಷ್ಟೇ ಬರೆದು ಕಳಿಸುತ್ತಿದ್ದಳು. ಶುಕ್ರವಾರ ಲ್ವಿವ್. ಶನಿವಾರ ಕೀವ್. ಭಾನುವಾರ ಪೊಲ್ತಾವಾ. ಸೋಮವಾರ ಏನೂ ಇಲ್ಲ.

ಸೋಮವಾರ ಗೆನೋವೆಫಾ ಒಂದು ದಂಡಿಗೆ ಸಾಲುವಷ್ಟು ಆಲೂಗಡ್ಡೆ ಸುಲಿದಳು. ವೀತೆಕ್ ಕೆಲಸಕ್ಕೆ ಹೋದವನು ಹತ್ತು ಗಂಟೆಗೇ ವಾಪಸ್ಸು ಬಂದು, ಚೆನ್ನಾಗಿಯೇ ಇದ್ದ ಮನೆಯ ಬಾಯ್ಲರನ್ನು ಬಿಚ್ಚಿ ಹರಡಿಕೊಂಡು ಕೂತ. ಅಂಗಡಿಯಲ್ಲಿ ಲುತ್ಸಿನಾ ಕೆಮ್ಮಿನ ಔಷಧಿ ಕೇಳಿದವರಿಗೆ ಭೇದಿ ಔಷಧಿ ಕೊಟ್ಟು, ಮನೆಗೆ ಹೋಗೆಂದು ಅನ್ನಿಸಿಕೊಂಡು ಬಂದಳು. ಬಾಯ್ಲರ್ ಬಿಚ್ಚಿದ್ದರಿಂದ ಮನೆ ತಣ್ಣಗಾಯಿತು. ಮೂವರೂ ಕೋಟು ಹಾಕಿಕೊಂಡು ಫೋನಿನ ಸುತ್ತ ಕೂತರು. ಬೇಲಿಯ ಆಚೆಯ ಝೆನೋಬ್ಯಾ ಒಂದು ಪಾತ್ರೆ ಎಲೆಕೋಸಿನ ಪಲ್ಯ ತಂದು, "ಏನಾದ್ರೂ ಗೊತ್ತಾಯ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಒಂದು ಚೀಲ ಸಮಾಧಿ ದೀಪಗಳನ್ನು ಬಾಗಿಲ ಬಳಿ ಇಟ್ಟು ಹೋದಳು.

ಮಂಗಳವಾರ ಮಧ್ಯಾಹ್ನ ಫೋನು ಬಡಿದುಕೊಂಡಿತು. ಅ‌ತ್ತೆ ಸೊಸೆ ಇಬ್ಬರೂ ಒಟ್ಟಿಗೇ ಹಾರಿದರು. ಗೆನೋವೆಫಾಳ ಮೊಣಕೈ ತಗುಲಿ ಎಲೆಕೋಸು ನೆಲಕ್ಕೆ ಹೋಯಿತು.

"ಅಮ್ಮಾ? ಇದೀನಿ. ಎಲ್ಲಾ ಮುಟ್ಟಿಸಿದ್ವಿ. ನಿನ್ನೆ ಇಲ್ಲಿ ಸಿಗ್ನಲ್ ಇರ್ಲಿಲ್ಲ. ಬಯ್ಬೇಡಿ, ತುಂಬ ನಿದ್ದೆ ಬರ್ತಿದೆ."

ಲುತ್ಸಿನಾ ಬಯ್ಯಲಿಲ್ಲ. ಫೋನು ಹಿಡಿದುಕೊಂಡೇ ನೆಲದ ಮೇಲೆ ಎಲೆಕೋಸಿನ ನಡುವೆ ಕೂತುಬಿಟ್ಟಳು.

ಗುರುವಾರ ಸಂಜೆ ವ್ಯಾನು ಬಂತು. ಎಡಗಡೆಯ ಕನ್ನಡಿ ಇರಲಿಲ್ಲ. ಬಾಗಿಲಲ್ಲಿ ಗಟ್ಟಿ ಟೇಪು ಸುತ್ತಿತ್ತು. ಲುತ್ಸಿನಾಳ ಕಣ್ಣು ಅಲ್ಲೇ ನೆಟ್ಟಿದ್ದು ನೋಡಿ ಕಿಂಗಾ ಹೇಳಿದಳು: "ಕನ್ನಡಿ ಹೇಗೆ ಹೋಯ್ತು ಅಂತ ಹೇಳ್ತೀನಿ ಅಮ್ಮ. ಎಲ್ಲರ ಮುಂದೇನೇ ಹೇಳ್ತೀನಿ. ಈ ಮನೇಲಿ ಮುಚ್ಚಿಟ್ಟಿದ್ದು ಸಾಕು."

ಹೇಳಿದಳು. ಲುತ್ಸಿನಾ ಮಗಳ ಕೈಯನ್ನು ಹಿಟ್ಟು ನಾದುವ ಹಾಗೆ ಅದುಮುತ್ತಾ ಕೊನೆಯವರೆಗೂ ಕೇಳಿದಳು. ಎಲ್ಲ ಮುಗಿದ ಮೇಲೆ ಗೆನೋವೆಫಾ ಮೂಲೆಯಿಂದ ಕೇಳಿದಳು, "ಆ ಡಬ್ಬಿ?"

"ಅಲ್ಲೇ ಇದೆ ಅಜ್ಜಿ, ಎಲ್ಲಾದ್ರ ಜೊತೆ. ಓಸ್ತಾಪ್ ಮಾಮನಿಗೆ ಹೇಳಿ ಬಂದಿದೀನಿ. ದೊಡ್ಡ ಡಬ್ಬಿಗಳನ್ನ ಕೊನೇಲಿ ಹಚ್ಚಿ, ಒಂದ್ರಲ್ಲಿ ನಮ್ಮಪ್ಪ ಇದಾರೆ ಅಂತ."

ಹಲಿನಾ ನಕ್ಕಳು, ವೀತೆಕ್ ನಕ್ಕ. ಲುತ್ಸಿನಾ ನಗಲಿಲ್ಲ.

ಕ್ರಿಸ್ಮಸ್ ಹಿಂದಿನ ಸಂಜೆ ಊಟಕ್ಕೆ ಮುಂಚೆ ಒಬ್ಬರ ಕೈಯ ತೆಳು ರೊಟ್ಟಿಯಿಂದ ಇನ್ನೊಬ್ಬರು ಚೂರು ಮುರಿದು ತಿಂದು ಒಳ್ಳೆಯದು ಹಾರೈಸಬೇಕು. ಯಾರನ್ನೂ ಬಿಡುವಂತಿಲ್ಲ. ಲುತ್ಸಿನಾ ಎಲ್ಲರದೂ ಮುರಿದಳು. ಹಲಿನಾಳ ಕೆನ್ನೆಗೆ ಮುತ್ತಿಟ್ಟಳು. ಕೊನೆಗೆ ಉಳಿದವಳು ಅತ್ತೆ. ಗೆನೋವೆಫಾ ತನ್ನ ರೊಟ್ಟಿಯ ಹಾಳೆಯನ್ನು ಮುಂದೆ ಚಾಚಿದಳು.

"ಆರೋಗ್ಯವಾಗಿರಿ ಅತ್ತೆ," ಎಂದು ಲುತ್ಸಿನಾ ಒಂದು ಚೂರು ಮುರಿದಳು. ಎಣಿಸಿದರೆ ಹತ್ತೊಂಬತ್ತು ದಿನದ ಮೇಲೆ ಆಡಿದ ಮಾತು. "ಇನ್ಮೇಲೆ ಏನಾದ್ರೂ ಸಿಕ್ರೆ ಮೊದ್ಲು ನಂಗೆ ತೋರ್ಸಿ."

"ತೋರಿಸ್ತೀನಿ ಕಣೆ."

"ಗಾಜಾದ್ರೂ."

"ಗಾಜಾದ್ರೂ."

ಜನವರಿ ಎರಡನೇ ವಾರ ವೀತೆಕ್ ಹೊಸ ಪಾಸ್‌ಪೋರ್ಟು ತಂದು ಮೇಜಿನ ಮೇಲೆ ಉಪ್ಪಿನ ಬಟ್ಟಲಿನ ಪಕ್ಕ ಇಟ್ಟ. "ಹದಿನೇಳಕ್ಕೆ ಮತ್ತೆ ಹೊರಡ್ತೀವಿ," ಎಂದ. "ನಾನು, ಇಲ್ಲಾಂದ್ರೆ ಕಿಂಗಾ. ಇಬ್ರಲ್ಲಿ ಒಬ್ರು." ಹೇಳಿ ಕೈತೊಳೆಯಲು ಹೋದ. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು.

ಒಲೆಯ ಮೇಲೆ ಮೇಣ ಕರಗುತ್ತಿತ್ತು. ಪಾಸ್‌ಪೋರ್ಟಿನ ಅಂಚು ಬೆಳಕಿಗೆ ಮಿನುಗುತ್ತಿತ್ತು. ಲುತ್ಸಿನಾ ಅದನ್ನು ಎತ್ತಿಕೊಂಡು, ಏಪ್ರನ್ನಿನಿಂದ ಒರೆಸಿ, ಅತ್ತೆಯ ಕಿವಿಯ ಹತ್ತಿರ ಬಗ್ಗಿದಳು.

"ಅತ್ತೆ. ಎಲ್ಲಿಡೋಣ?"

ಗೆನೋವೆಫಾ ತಲೆಯೆತ್ತಿದಳು. ಸೊಸೆಯ ಕಣ್ಣು ಕೆಂಪಾಗಿತ್ತು, ತಮಾಷೆಯ ಮಾತಾಗಿರಲಿಲ್ಲ. ಮನೆಯ ಮೂಲೆ ಮೂಲೆಯೂ ಮುದುಕಿಯ ಕಣ್ಣ ಮುಂದೆ ಬಂತು. ಹಿಟ್ಟಿನ ಡಬ್ಬ, ಹಾಸಿಗೆ, ಮಾತೆ ಮರಿಯಳ ಪಟ, ಜಾಡಿಗಳ ಹಿಂದಿನ ಹಲಗೆ. ಎಲ್ಲಿ ಇಟ್ಟಂತೆ ಊಹಿಸಿಕೊಂಡರೂ ಅದರ ಪಕ್ಕದಲ್ಲೇ ವ್ಯಾನಿನ ಸ್ಟೇರಿಂಗು, ಅದರ ಮೇಲೆ ಕಿಂಗಾಳ ಕೈ.

ಪಾಸ್‌ಪೋರ್ಟನ್ನು ಸೊಸೆಯ ಕೈಯಿಂದ ತೆಗೆದುಕೊಂಡು ಮೇಜಿನ ಖಾನೆ ಎಳೆದಳು. ಗ್ಯಾಸ್ ಬಿಲ್ಲುಗಳ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಖಾನೆ ಪೂರ್ತಿ ಮುಚ್ಚಲೂ ಇಲ್ಲ.

"ಅಷ್ಟೇನಾ?" ಎಂದಳು ಲುತ್ಸಿನಾ.

"ಅಷ್ಟೇ. ಇವನದು ಬಚ್ಚಿಟ್ರೆ ಇನ್ನೊಬ್ರು ಹೋಗ್ತಾರೆ ಕಣೆ. ಆ ಇನ್ನೊಬ್ರು ಯಾರು ಅಂತ ಈಗ ಗೊತ್ತಲ್ಲ."

ಲುತ್ಸಿನಾ ಸ್ಟೂಲು ಎಳೆದುಕೊಂಡು, ಮೂರು ಚಳಿಗಾಲದಲ್ಲಿ ಮೊದಲನೇ ಸಲ, ಮೇಣದ ಪಾತ್ರೆಯ ಮುಂದೆ ಕೂತು ಸೌಟು ಹಿಡಿದಳು.

"ಡಬ್ಬಿ ಒಳಗೆ ನೋಡಿ ಕೊಡಿ ಅತ್ತೆ."

"ನೋಡ್ದೆ."

"ಇನ್ನೊಂದ್ಸಲ ನೋಡಿ."

ಗೆನೋವೆಫಾ ಡಬ್ಬಿಯನ್ನು ಬೋರಲು ಹಾಕಿ ಎರಡು ಸಲ ತಟ್ಟಿದಳು, ಬೆರಳು ಹಾಕಿ ಸುತ್ತಲೂ ಸವರಿದಳು, ಬೆಳಕಿಗೆ ಹಿಡಿದು ನೋಡಿದಳು. ಖಾಲಿ. ಆಮೇಲೆ ಸೊಸೆಯ ಕೈಗೆ ಕೊಟ್ಟಳು.